ಆಲ್ದೂರಿನ ಎಂ.ಜಿ.ಎ: ಸೀಟಿನ ಮೂಲ ಬಣ್ಣ ಹುಡುಕಿದ ಒಂದು ಪ್ರಕರಣ

ಕಾರು ಎಂ.ಜಿ.ಎ 1500, ಇಂಗ್ಲೆಂಡಿನ ಹಳೆ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಮಡಚುವ ಬಟ್ಟೆ ಹುಡ್. ಇರುವುದು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಹತ್ತಿರ, ಒಂದು ಕಾಫಿ ತೋಟದ ಶೆಡ್ಡಿನಲ್ಲಿ. ನಾನು ನೋಡಿದಾಗ ಬಾಡಿ ಕೆಂಪು, ಸೀಟು ಕಂದು, ಡ್ಯಾಶ್‌ಬೋರ್ಡಿಗೆ ಮರದ ಗೆರೆಯ ಸನ್‌ಮೈಕ ಅಂಟಿಸಿತ್ತು. ಎಂಜಿನ್ ಕೆಲಸ ಆಗಲೇ ಮುಗಿದಿತ್ತು. ಉಳಿದಿದ್ದು ಒಳಗಿನ ಕೆಲಸ: ಸೀಟು, ಬಾಗಿಲಿನ ಒಳಪಟ್ಟಿ, ಕಾರ್ಪೆಟ್, ಡ್ಯಾಶ್.

ತೋಟದ ಯಜಮಾನರು ನನ್ನನ್ನು ಕರೆಸಿದ್ದು ಒಂದೇ ಪ್ರಶ್ನೆಗೆ. "ಇಂಗ್ಲೆಂಡಿಂದ ಕಂದು ಚರ್ಮದ ಸೀಟ್ ಕಿಟ್ ತರಿಸಬೇಕು ಅಂತಿದ್ದೀನಿ. ಯಾವುದು ಒಳ್ಳೇದು ಹೇಳು ಮಾರಾಯ" ಅಂದರು. ಅವರ ತಂದೆಯ ಕಾಲದಿಂದ ಕಾರು ಮನೆಯಲ್ಲಿದೆ. ಅವರಿಗೆ ಬುದ್ಧಿ ತಿಳಿದಾಗಿನಿಂದ ಹೊರಗೆ ಕೆಂಪು, ಒಳಗೆ ಕಂದು. ಆದ್ದರಿಂದ ಮೂಲವೂ ಅದೇ ಅಂತ ಮನೆಯವರೆಲ್ಲ ನಂಬಿದ್ದರು.

"ಕಿಟ್ ಆಮೇಲೆ ನೋಡೋಣ ಗೌಡ್ರೇ. ಮೊದಲು ಕಾರೇ ಏನು ಹೇಳುತ್ತೆ ಕೇಳೋಣ" ಅಂದೆ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದೂ ಅದಕ್ಕೇ. ಹಳೆ ಕಾರಿನ ಒಳಾಂಗಣದ ವಿಷಯದಲ್ಲಿ ಜನ ಮೊದಲು ಕ್ಯಾಟಲಾಗ್ ತೆಗೆಯುತ್ತಾರೆ, ಆಮೇಲೆ ಕಾರನ್ನು ಬಿಚ್ಚುತ್ತಾರೆ. ಅಷ್ಟರಲ್ಲಿ ಸಾಕ್ಷಿಯೆಲ್ಲ ಕಸದ ಬುಟ್ಟಿ ಸೇರಿರುತ್ತದೆ.

ಎಂ.ಜಿ.ಎ 1955ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಹೊರಬಂದ ಕಾರು. 1962ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್ ಕಾರ್ಖಾನೆಯಲ್ಲಿ 1,01,081 ಕಾರುಗಳು ತಯಾರಾದವು. ಅದರಲ್ಲಿ ತುಂಬಾ ಜಾಸ್ತಿ ಪಾಲು ಹೋಗಿದ್ದು ಅಮೆರಿಕಕ್ಕೆ. ಹಾಗಾಗಿ ಇವತ್ತಿಗೂ ಇದರ ಬಿಡಿಭಾಗ ಸಿಗುತ್ತದೆ. ಅಮೆರಿಕದ ಮಾಸ್ ಮೋಟರ್ಸ್‌ನಂಥ ಕಂಪನಿಗಳು ಸೀಟಿನ ಹೊದಿಕೆಯಿಂದ ಹಿಡಿದು ಬಾಗಿಲಿನ ಪಟ್ಟಿಯವರೆಗೆ ಎಲ್ಲವನ್ನೂ ಮಾರುತ್ತವೆ. ಸಿಗುವುದು ಸಂತೋಷವೇ. ಆದರೆ ಕಿಟ್ ನಾವು ಕೇಳಿದ ಬಣ್ಣದಲ್ಲಿ ಬರುತ್ತದೆ. ಈ ಕಾರಿಗೆ ಕಾರ್ಖಾನೆಯವರು ಆ ಬಣ್ಣ ಹಾಕಿದ್ದರೋ ಇಲ್ಲವೋ ಅನ್ನುವುದನ್ನು ನಾವೇ ಹುಡುಕಿಕೊಳ್ಳಬೇಕು.

ಬಾನೆಟ್ ಕೆಳಗಿನ ತಗಡು

ಮೊದಲು ನೋಡಿದ್ದು ಬಾನೆಟ್ ಕೆಳಗಿನ ನಂಬರ್ ಪ್ಲೇಟು. ಎಣ್ಣೆ ಜಿಡ್ಡು ಒರೆಸಿದಾಗ 'ಎಚ್.ಡಿ.ಎ. 23' ಅಂತ ಶುರುವಾಗುವ ನಂಬರು ಕಂಡಿತು. ಎಂ.ಜಿ.ಎ 1500ರ ನಂಬರಿನಲ್ಲಿ ಎರಡನೇ ಅಕ್ಷರ ಬಾಡಿಯದು. 'ಡಿ' ಅಂದರೆ ತೆರೆದ ಎರಡು ಸೀಟಿನದು. ಮೂರನೇ ಅಕ್ಷರ ಬಣ್ಣದ್ದು. 'ಕೆ' ಇದ್ದರೆ ಕೆಂಪು, 'ಎ' ಇದ್ದರೆ ಕಪ್ಪು. ಮುಂದಿನ 2 ಅಂದರೆ ಬಲಗಡೆ ಸ್ಟಿಯರಿಂಗ್, ಹೊರದೇಶಕ್ಕೆ ಕಳಿಸಿದ್ದು. ಕೊನೆಯ 3 ಸೆಲ್ಯುಲೋಸ್ ಪೇಂಟಿನದು. 1959ರಲ್ಲಿ ಮುಂದಿನ ಮಾದರಿ ಎಂ.ಜಿ.ಎ 1600 ಬಂದಾಗ ಈ ಪದ್ಧತಿ ಬದಲಾಯಿತು, ಆಮೇಲಿನ ನಂಬರುಗಳಲ್ಲಿ ಬಣ್ಣದ ಸುಳಿವಿಲ್ಲ. ನಮ್ಮದು 1500 ಆಗಿದ್ದು ಒಳ್ಳೆಯದಾಯಿತು.

ಅಂದರೆ ಕಾರು ಕಪ್ಪಗೆ ಹುಟ್ಟಿತ್ತು. ಕಪ್ಪು 1500ಕ್ಕೆ ಕಾರ್ಖಾನೆ ಕೊಡುತ್ತಿದ್ದ ಒಳಬಣ್ಣ ಎರಡೇ: ಕೆಂಪು ಅಥವಾ ಹಸಿರು. ಕಂದು ಆ ಪಟ್ಟಿಯಲ್ಲೇ ಇಲ್ಲ.

ಯಜಮಾನರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಪ್ಲೇಟು ಬೇರೆ ಕಾರಿಂದ ತಂದು ಹಾಕಿರಬಹುದಲ್ವಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದು ತಗಡನ್ನೇ ನಂಬಿ ತೀರ್ಮಾನಕ್ಕೆ ಬರಬಾರದು. ಸ್ಕ್ರೂ ತೆಗೆದರೆ ಬರುವ ವಸ್ತು ಅದು.

ಮನೆಯಲ್ಲಿ ಒಂದು ಹಳೆ ಫೋಟೋ ಇತ್ತು. ಕಪ್ಪುಬಿಳುಪಿನದು, ಕಾರಿನ ಪಕ್ಕ ಯಜಮಾನರ ತಂದೆ ನಿಂತಿದ್ದಾರೆ. ಬಾಡಿ ಗಾಢವಾಗಿ ಕಾಣುತ್ತದೆ, ಸೀಟು ಬೂದು. ಇಂಥ ಫೋಟೋ ನೋಡಿ ಕೆಂಪೋ ಹಸಿರೋ ಹೇಳಲು ಬರುವುದಿಲ್ಲ. ಆ ಫಿಲ್ಮಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಆದರೆ ಡ್ಯಾಶ್ ಮೇಲೆ ಬಿಸಿಲು ಬಿದ್ದು ಪೇಂಟು ಹೊಳೆಯುವುದು ಕಾಣುತ್ತಿತ್ತು. ಮರದ ಗೆರೆ ಇರಲಿಲ್ಲ. ಅಷ್ಟು ಸಾಕು.

ಇದಕ್ಕಿಂತ ಉಪಯೋಗಕ್ಕೆ ಬಂದಿದ್ದು ತೋಟದ ಲೆಕ್ಕದ ಪುಸ್ತಕ. ರೈಟರು ಹಳೆ ಪುಸ್ತಕಗಳನ್ನು ಗೆದ್ದಲು ಹತ್ತದಂತೆ ಟ್ರಂಕಿನಲ್ಲಿ ಇಟ್ಟಿದ್ದರು. 1974ರ ಪುಸ್ತಕದಲ್ಲಿ, ಗೊಬ್ಬರದ ಖರ್ಚಿನ ಕೆಳಗೆ, ಕಾರಿನ ಸೀಟಿಗೆ ರೆಕ್ಸಿನ್, ನಾರು, ಮಜೂರಿ ಅಂತ ಬರೆದಿತ್ತು. ಅದೇ ಪುಟದಲ್ಲಿ ಪೇಂಟಿನ ಬಾಬ್ತೂ ಇತ್ತು. ಕೆಂಪು ಹೊರಗು, ಕಂದು ಒಳಗು ಎರಡೂ ಅದೇ ವರ್ಷದ ಕೆಲಸ. ಯಜಮಾನರು ಆಗ ಚಿಕ್ಕ ಹುಡುಗ. ಅವರ ನೆನಪು ಸುಳ್ಳಲ್ಲ, ಅಲ್ಲಿಂದ ಹಿಂದಕ್ಕೆ ಹೋಗುವುದಿಲ್ಲ ಅಷ್ಟೇ.

ಬಿಚ್ಚುವ ಕೆಲಸ

ಸೀಟು ಬಿಚ್ಚಲು ಪೇಟೆಯಿಂದ ಕುಷನ್ ಕೆಲಸದ ಅಣ್ಣನನ್ನು ಕರೆದುಕೊಂಡು ಹೋದೆ. ಬಸ್ಸು, ಜೀಪು, ಅಂಬಾಸಿಡರ್ ಸೀಟುಗಳಲ್ಲಿ ಪಳಗಿದ ಕೈ. ಅವರಿಗೆ ಒಂದೇ ಮಾತು ಹೇಳಿದ್ದೆ: ಏನನ್ನೂ ಎಳೆದು ಹರಿಯಬೇಡಿ, ಒಂದೊಂದೇ ಮೊಳೆ ತೆಗೆಯಿರಿ, ಬಂದ ಚೂರೆಲ್ಲ ಕವರಿಗೆ ಹಾಕಿ ಎಲ್ಲಿಂದ ಬಂತು ಅಂತ ಬರೆಯಿರಿ. ಮೊದಲಿಗೆ ಅವರಿಗೆ ಇದು ಸಮಯ ಹಾಳು ಅನ್ನಿಸಿತು. ಸ್ವಲ್ಪ ಹೊತ್ತಿಗೆ ನನಗಿಂತ ಜಾಸ್ತಿ ಆಸಕ್ತಿ ಅವರಿಗೇ ಬಂತು.

ಮೇಲಿನ ಕಂದು ರೆಕ್ಸಿನ್ ಬಿಚ್ಚಿದರೆ ಒಳಗೆ ತೆಂಗಿನ ನಾರು. ನಮ್ಮ ಕಡೆ ನಾರು ಸುಲಭವಾಗಿ ಸಿಗುತ್ತಿತ್ತು, ಗಟ್ಟಿಮುಟ್ಟು ಕೂಡ, 1974ರಲ್ಲಿ ಆ ಕೆಲಸಗಾರ ಮಾಡಿದ್ದು ಸರಿಯಾದ ಯೋಚನೆಯೇ. ನಾರಿನ ಅಡಿಯಲ್ಲಿ ಪ್ಲೈವುಡ್ ಹಲಗೆ, ಅದರ ಮೂಲೆಯಲ್ಲಿ ಹಳದಿ ಪುಡಿ. ಅದು ಹಳೆ ರಬ್ಬರ್ ಸ್ಪಂಜು. ಆ ಕಾಲದ ಸೀಟುಗಳಲ್ಲಿ ಲ್ಯಾಟೆಕ್ಸ್ ಸ್ಪಂಜು ಇರುತ್ತಿತ್ತು. ಗಾಳಿ ತಾಗಿ ವರ್ಷಗಳಾದ ಮೇಲೆ ಅದು ಗಟ್ಟಿಯಾಗಿ, ಮುಟ್ಟಿದರೆ ಪುಡಿಯಾಗುತ್ತದೆ.

ಹಲಗೆಯ ಅಂಚಿನಲ್ಲಿ ಎರಡು ಥರದ ಜೋಡಣೆ ಕಂಡಿತು. ಕಂದು ರೆಕ್ಸಿನ್ ಹಿಡಿದಿದ್ದು ಸ್ಟೇಪಲ್ ಪಿನ್ನು. ಅದರ ಕೆಳಗೆ ಸಣ್ಣ ಕಬ್ಬಿಣದ ಮೊಳೆಗಳು, ಕೆಲವು ತುಕ್ಕು ಹಿಡಿದು ಮರಕ್ಕೇ ಅಂಟಿದ್ದವು. 1974ರಲ್ಲಿ ಹಳೆ ಹೊದಿಕೆ ಕಿತ್ತಾಗ ಮೊಳೆ ತೆಗೆಯುವ ಗೋಜಿಗೆ ಹೋಗಿಲ್ಲ, ಸುತ್ತ ಕತ್ತರಿಸಿ ಬಿಟ್ಟಿದ್ದಾರೆ. ಹಾಗಾಗಿ ಒಂದೊಂದು ಮೊಳೆಯ ತಲೆ ಕೆಳಗೂ ಉಗುರಿನಷ್ಟು ಮೂಲ ಹೊದಿಕೆ ಉಳಿದುಕೊಂಡಿತ್ತು. ಮೊದಲ ಮೊಳೆ ಎಬ್ಬಿಸಿದಾಗ ಕೆಳಗೆ ಕಂಡಿದ್ದು ಹಸಿರು.

ಅದೇ ಹೊತ್ತಿಗೆ ಸೀಟಿನ ಹಿಂದಿನ ಮೂಲೆಯಿಂದ ಒಂದು ಕೆಂಪು ರೆಕ್ಸಿನ್ ಚೂರೂ ಸಿಕ್ಕಿತು. ಯಜಮಾನರ ಮುಖ ಅರಳಿತು. ಪಟ್ಟಿಯಲ್ಲಿದ್ದ ಎರಡು ಬಣ್ಣವೂ ಒಂದೇ ಕಾರಿನಲ್ಲಿ! ಯಾವುದು ನಿಜ? ಉತ್ತರ ಇದ್ದಿದ್ದು ಚೂರಿನ ಹಿಂಬದಿಯಲ್ಲಿ. ಕೆಂಪಿನ ಬೆನ್ನಿಗಿದ್ದ ಬಟ್ಟೆ ಬನಿಯನ್ನಿನಂತೆ ಹೆಣೆದದ್ದು, ಎಳೆದರೆ ಹಿಗ್ಗುತ್ತದೆ. ಹಸಿರಿನ ಹಿಂದೆ ಇದ್ದದ್ದು ಹಾಸು ಹೊಕ್ಕಾಗಿ ನೇಯ್ದ ಹತ್ತಿ ಬಟ್ಟೆ, ಹಿಗ್ಗುವುದೇ ಇಲ್ಲ. ಐವತ್ತರ ದಶಕದ ರೆಕ್ಸಿನ್‌ಗೆ ಬೆನ್ನು ನೇಯ್ದ ಬಟ್ಟೆ, ಹೆಣೆದ ಬೆನ್ನು ಚಾಲ್ತಿಗೆ ಬಂದಿದ್ದು ಆಮೇಲೆ. ದಾರವನ್ನೂ ಸುಟ್ಟು ನೋಡಿದೆವು. ಕೆಂಪು ಚೂರಿನ ದಾರ ಕರಗಿ ಮಣಿಯಾಯಿತು, ಅದು ನೈಲಾನ್. ಹಸಿರಿನ ದಾರ ಬೂದಿಯಾಯಿತು, ಅದು ಹತ್ತಿ. ಕೆಂಪು ಚೂರು ಯಾವುದೋ ತೇಪೆಯ ಕೆಲಸದ್ದು. (ಸುಡುವ ಪರೀಕ್ಷೆಯನ್ನು ಕಾರಿನಿಂದ ದೂರ, ದಾರದ ತುಣುಕಿಗೆ ಮಾತ್ರ ಮಾಡಿ. ಹಳೆಯ ರೆಕ್ಸಿನ್ ಕೆಲವಕ್ಕೆ ನೈಟ್ರೋಸೆಲ್ಯುಲೋಸ್ ಲೇಪ ಇರುತ್ತದೆ, ಬೆಂಕಿ ಕಂಡರೆ ಭಗ್ ಅಂತ ಹತ್ತುತ್ತದೆ.)

ಸೀಟು ಕೂರುವ ಭಾಗದ ಹಸಿರು ಚೂರು ಮಾತ್ರ ರೆಕ್ಸಿನ್ ಅಲ್ಲ. ಬ್ಲೇಡಿನಿಂದ ಅಂಚು ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಹಸಿರು, ಅದರ ಕೆಳಗೆ ನೀಲಿ ಬೆರೆತ ಬೂದು. ಕ್ರೋಮ್‌ನಲ್ಲಿ ಹದ ಮಾಡಿದ ಚರ್ಮದ ಒಡಲು ಹಾಗೇ ಇರುತ್ತದೆ. ಬಣ್ಣ ಮೇಲಷ್ಟೇ ಕೂತಿದೆ, ಒಳಗೆ ಇಳಿದಿಲ್ಲ. ಸೀಟಿನ ಪಕ್ಕ ಮತ್ತು ಹಿಂಬದಿಯ ಚೂರುಗಳೆಲ್ಲ ರೆಕ್ಸಿನ್. ಈ ಕಾರುಗಳಲ್ಲಿ ಮೈ ತಾಗುವ ಮುಖಕ್ಕೆ ಮಾತ್ರ ಚರ್ಮ, ಉಳಿದದ್ದಕ್ಕೆ ರೆಕ್ಸಿನ್. ಇವತ್ತು ರಿಸ್ಟೋರ್ ಮಾಡಿಸುವವರು ಕಾರಿನ ಒಳಗೆಲ್ಲ ಚರ್ಮ ಹೊದಿಸಿಬಿಡುತ್ತಾರೆ. ಖರ್ಚು ಜಾಸ್ತಿ, ಆದರೂ ತಪ್ಪು. ಯಜಮಾನರಿಗೆ ಇದನ್ನು ಒಪ್ಪಿಕೊಳ್ಳುವುದು ಬಣ್ಣಕ್ಕಿಂತ ಕಷ್ಟವಾಯಿತು. "ರೆಕ್ಸಿನ್ ಹಾಕಿದ್ರೆ ನಾನು ದುಡ್ಡು ಉಳಿಸಿದೆ ಅಂದ್ಕೊಳ್ತಾರೆ" ಅಂದರು. ಗೊತ್ತಿರುವವರು ಹಾಗೆ ಅಂದುಕೊಳ್ಳುವುದಿಲ್ಲ ಅಂದೆ.

ಬಾಗಿಲಿನ ಕಡೆ ಬರೋಣ. ಎಂ.ಜಿ.ಎ ತೆರೆದ ಕಾರಿಗೆ ಹೊರಗಡೆ ಹಿಡಿಕೆ ಇಲ್ಲ. ಬಾಗಿಲಿನ ಒಳಗಿನ ಜೇಬಿಗೆ ಕೈ ಹಾಕಿ ಹುರಿ ಎಳೆದು ತೆಗೆಯಬೇಕು. ಎಡಗಡೆಯ ಜೇಬಿನ ಹಿಂದೆ ಇಲಿ ಗೂಡು ಇತ್ತು. ಶೆಡ್ಡಿನ ಹುಡುಗ ಪೊರಕೆ ತಂದಿದ್ದ, ತಡೆದೆವು. ಗೂಡನ್ನು ಹಾಗೇ ಎತ್ತಿ ಪೇಪರಿನ ಮೇಲೆ ಹರಡಿ ಚಿಮುಟದಲ್ಲಿ ಬಿಡಿಸಿದೆವು. ಕಾಫಿ ಸಿಪ್ಪೆ, ಗೋಣಿ ನಾರು, ಕ್ಯಾಲೆಂಡರ್ ಚೂರು, ಮತ್ತೆ ಕಪ್ಪು ಉಣ್ಣೆಯ ಹಾಗಿನ ಗಿಡ್ಡ ಎಳೆಗಳ ಒಂದು ಉಂಡೆ. ಕಾರ್ಪೆಟ್ಟು! ನೆಲದ ಮೇಲಿನ ಕಾರ್ಪೆಟ್ ಯಾವತ್ತೋ ಕೊಳೆತು ಹೋಗಿತ್ತು, ಅದರ ಜಾಗದಲ್ಲಿ ರಬ್ಬರ್ ಮ್ಯಾಟ್ ಹಾಸಿದ್ದರು. ಮೂಲದ ಎಳೆ ಉಳಿದಿದ್ದು ಇಲಿಯ ಕೃಪೆಯಿಂದ. ಗೂಡಿನ ತಳದಲ್ಲಿ, ಹೊದಿಕೆಯ ಅಂಚಿಗೆ ಕೂರಿಸುವ ಪೈಪಿಂಗ್ ಕೂಡ ಬೆರಳುದ್ದ ಇತ್ತು. ಹಸಿರು ರೆಕ್ಸಿನ್ ಪಟ್ಟಿ, ಒಳಗೆ ಹೊಸೆದ ಹತ್ತಿ ಹುರಿ. ಕತ್ತಲಲ್ಲೇ ಇದ್ದಿದ್ದರಿಂದ ಅದರ ಬಣ್ಣ ಮಾಸಿರಲಿಲ್ಲ. ಮುಂದೆ ನಾವು ಬಣ್ಣ ಹೊಂದಿಸಿದ್ದೆಲ್ಲ ಆ ತುಂಡಿಗೇ.

ಆ ಪೈಪಿಂಗಿನ ಪಕ್ಕ ಹೊಲಿಗೆಯ ತೂತುಗಳು ಹಾಗೇ ಇದ್ದವು. ಸ್ಕೇಲ್ ಇಟ್ಟು ಎಣಿಸಿದರೆ ಇಂಚಿಗೆ ಏಳು. ನಮ್ಮ ಕಡೆ ರೆಕ್ಸಿನ್‌ಗೆ ಇದಕ್ಕಿಂತ ಒತ್ತಾಗಿ ಹೊಲಿಯುವ ಅಭ್ಯಾಸ. ಚರ್ಮಕ್ಕೆ ಹಾಗೆ ಹೊಲಿದರೆ ಅಂಚೆ ಸ್ಟಾಂಪಿನ ಅಂಚಿನಂತೆ ತೂತಿನ ಸಾಲಿಗೇ ಹರಿಯುತ್ತದೆ. ಕುಷನ್ ಅಣ್ಣ ಆ ಚೂರನ್ನು ಮಿಷನ್ ಪಕ್ಕ ಇಟ್ಟುಕೊಂಡೇ ಹೊಲಿದರು.

ಡ್ಯಾಶ್ ಹಿಡಿದಿಟ್ಟ ಪ್ರಶ್ನೆ

ಇಷ್ಟು ಸಾಕ್ಷಿ ಕೈಗೆ ಬಂದ ಮೇಲೆ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಬರೆದೆವು. ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ, ಗೇಡನ್ ಅನ್ನುವ ಊರಿನಲ್ಲಿದೆ. ಎಂ.ಜಿ.ಎ ಕಾರುಗಳ ಕಾರ್ಖಾನೆ ದಾಖಲೆ ಅವರ ಹತ್ತಿರ ಇವೆ. ಕಾರಿನ ನಂಬರು ಕೊಟ್ಟು ಶುಲ್ಕ ಕಟ್ಟಿದರೆ ಹೆರಿಟೇಜ್ ಸರ್ಟಿಫಿಕೇಟ್ ಕಳಿಸುತ್ತಾರೆ. ತಯಾರಾದ ದಿನ, ಎಂಜಿನ್ ನಂಬರು, ಯಾವ ದೇಶಕ್ಕೆ ಹೋಯಿತು, ಹೊರಬಣ್ಣ, ಒಳಬಣ್ಣ ಎಲ್ಲ ಅದರಲ್ಲಿರುತ್ತದೆ. ನಮ್ಮದಕ್ಕೆ ಬಂದ ಉತ್ತರ: ಕಪ್ಪು ಬಾಡಿ, ಹಸಿರು ಒಳಾಂಗಣ. ಎಂಜಿನ್ ನಂಬರೂ ತಾಳೆಯಾಯಿತು. ಪ್ಲೇಟು ಬೇರೆ ಕಾರಿನದಿರಬಹುದು ಅನ್ನುವ ಸಂಶಯ ಅಲ್ಲಿಗೆ ಮುಗಿಯಿತು.

ಹಾಗಾದರೆ ಮೊದಲೇ ಸರ್ಟಿಫಿಕೇಟ್ ತರಿಸಿದ್ದರೆ ಇಷ್ಟೆಲ್ಲ ಬಿಚ್ಚಿ ಹುಡುಕುವುದು ತಪ್ಪುತ್ತಿತ್ತಲ್ಲ ಅಂತ ಕೇಳಬಹುದು. ಸರ್ಟಿಫಿಕೇಟಿನಲ್ಲಿ 'ಹಸಿರು' ಅಂತ ಇರುತ್ತದೆ, ಎಂಥ ಹಸಿರು ಅಂತ ಇರುವುದಿಲ್ಲ. ಪೈಪಿಂಗ್ ದಪ್ಪ, ಹೊಲಿಗೆಯ ಅಂತರ, ರೆಕ್ಸಿನ್ ಮೇಲಿನ ಗೆರೆಯ ನಮೂನೆ, ಕಾರ್ಪೆಟ್ ಎಳೆಯ ಉದ್ದ, ಇದು ಯಾವುದೂ ಕಾಗದದಲ್ಲಿ ಬರುವುದಿಲ್ಲ. ಕಾರಿನಲ್ಲಿ ಮಾತ್ರ ಇರುತ್ತದೆ.

ಈಗ ಡ್ಯಾಶ್. ಹೇರ್ ಡ್ರೈಯರ್ ಬಿಸಿ ಕೊಟ್ಟು ಸನ್‌ಮೈಕವನ್ನು ನಿಧಾನವಾಗಿ ಎಬ್ಬಿಸಿದೆವು. ಇಂಗ್ಲಿಷ್ ಕಾರು ಅಂದರೆ ಮರದ ಡ್ಯಾಶ್ ಅನ್ನುವ ಕಲ್ಪನೆ ಎಲ್ಲರಿಗೂ ಇದೆ. ಎಂ.ಜಿ.ಎ 1500 ತೆರೆದ ಕಾರಿನಲ್ಲಿ ಅದು ಕಬ್ಬಿಣದ ತಗಡು, ಬಾಡಿಯ ಬಣ್ಣವನ್ನೇ ಅದಕ್ಕೂ ಹೊಡೆಯುತ್ತಿದ್ದರು. ಸನ್‌ಮೈಕದ ಕೆಳಗೆ ಕೆಂಪು, ಕೆಂಪಿನ ಕೆಳಗೆ ಕಪ್ಪು. ನಡುವೆ ಒಂದು ತೂತು ಮುಚ್ಚಿದ್ದರು. ಅದು ಹಾರ್ನಿನ ಗುಂಡಿಯ ಜಾಗ. ಈ ಕಾರಿನಲ್ಲಿ ಹಾರ್ನ್ ಇರುವುದು ಡ್ಯಾಶ್ ನಡುವೆ, ಸ್ಟಿಯರಿಂಗ್ ಮೇಲಲ್ಲ.

ಇಲ್ಲಿ ಪ್ರಕರಣ ಗಂಟು ಬಿತ್ತು. ಯಜಮಾನರು ನನ್ನನ್ನು ಕರೆದಿದ್ದು ಒಳಗಿನ ಕೆಲಸಕ್ಕೆ ಮಾತ್ರ, ಹೊರಗಿನ ಕೆಂಪು ಹಾಗೇ ಇರಲಿ ಅಂತ ಅವರ ಮನಸ್ಸು. ಆದರೆ ಡ್ಯಾಶ್ ಒಳಗಿನದೂ ಹೌದು, ಹೊರಗಿನದೂ ಹೌದು. ಕೆಂಪು ಬಾಡಿ ಇಟ್ಟುಕೊಂಡು ಡ್ಯಾಶ್ ಕಪ್ಪು ಮಾಡಿದರೆ ಕಾರ್ಖಾನೆಯದೂ ಅಲ್ಲ, ಅಪ್ಪನದೂ ಅಲ್ಲ. ಕೆಂಪು ಡ್ಯಾಶ್ ಕೆಳಗೆ ಹಸಿರು ಸೀಟು ಇಟ್ಟರೆ ಅದೂ ಯಾವ ಕಾಲದ್ದೂ ಅಲ್ಲ.

ನಾನು ಅವರಿಗೆ ಎರಡು ದಾರಿ ಹೇಳಿದೆ. 1974ರ ಕಾರನ್ನೇ ಚೊಕ್ಕಟವಾಗಿ ಉಳಿಸಿಕೊಳ್ಳುವುದು, ಕೆಂಪು ಮತ್ತು ಕಂದು, ಸನ್‌ಮೈಕ ಸಮೇತ. ಅಥವಾ ಕಪ್ಪು ಮತ್ತು ಹಸಿರಿಗೆ ಪೂರ್ತಿ ಹೋಗುವುದು. ಮೊದಲನೆಯದೂ ಗೌರವದ ದಾರಿಯೇ ಅಂತ ನಾನು ನಿಜವಾಗಿ ನಂಬುತ್ತೇನೆ. ಒಂದು ತೋಟದ ಮನೆಯಲ್ಲಿ ಕಾರು ಹೇಗೆ ಬಾಳಿತು ಅನ್ನುವುದೂ ಅದರ ಚರಿತ್ರೆಯೇ. ಎರಡರ ನಡುವಿನ ಕಲಬೆರಕೆ ಮಾತ್ರ ಬೇಡ ಅಂದೆ. ಯಜಮಾನರ ತಂಗಿ ಕೆಂಪೇ ಇರಲಿ ಅಂದರು, ಅದರಲ್ಲಿ ಶಾಲೆಗೆ ಹೋಗಿದ್ದವರು. ಯಜಮಾನರು ಒಂದಷ್ಟು ದಿನ ಯೋಚಿಸಿ, ಮಗಳ ಹತ್ತಿರವೂ ಮಾತಾಡಿ, ಕಪ್ಪಿಗೇ ಬಂದರು. ಅವರು ಕೊಟ್ಟ ಕಾರಣ ನನಗೆ ಇಷ್ಟವಾಯಿತು: "ಅಪ್ಪ ಕೊಂಡಿದ್ದು ಕಪ್ಪು ಕಾರು. ಅದನ್ನ ನಾನು ನೋಡೇ ಇಲ್ಲ."

ಈ ನಡುವೆ ಅವರಿಗೆ ವಿಂಟೇಜ್ ನೋಂದಣಿಯ ಚಿಂತೆಯೂ ಇತ್ತು. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ಅದು ಸಿಗುತ್ತದೆ. ಅಲ್ಲಿ ನೋಡುವುದು ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿದೆಯೇ ಅನ್ನುವುದನ್ನು. ಸೀಟಿನ ಬಣ್ಣಕ್ಕೆ ಹೆದರುವ ಅಗತ್ಯವಿಲ್ಲ.

ಸಾಮಾನು ಎಲ್ಲಿಂದ ಬಂತು

ರೆಕ್ಸಿನ್‌ಗೆ ಮೊದಲು ಬೆಂಗಳೂರಿನ ಜೆ.ಸಿ. ರಸ್ತೆ ಹುಡುಕಿದೆವು. ಹಸಿರು ಬೇಕಾದಷ್ಟಿತ್ತು, ಆದರೆ ಮೇಲಿನ ಗೆರೆ ದಪ್ಪ, ಬೆನ್ನು ಹೆಣೆದ ಬಟ್ಟೆಯದು. ಕೊನೆಗೆ ಅದನ್ನು ಮಾತ್ರ ಇಂಗ್ಲೆಂಡಿನಿಂದ ತರಿಸಿದೆವು. ಮೊದಲು ಸ್ಯಾಂಪಲ್ ತರಿಸಿ, ಇಲಿ ಗೂಡಿನ ತುಂಡಿನ ಪಕ್ಕ ಇಟ್ಟು, ಬೆಳಗಿನ ನೆರಳಿನಲ್ಲಿ ನೋಡಿ ಆಮೇಲೆ ಆರ್ಡರ್ ಮಾಡಿದ್ದು. ಟ್ಯೂಬ್‌ಲೈಟಿನಲ್ಲಿ ಬಣ್ಣ ಹೊಂದಿಸಬೇಡಿ, ಹಸಿರಿನಲ್ಲಿ ಅದು ಪಕ್ಕಾ ಮೋಸ ಮಾಡುತ್ತದೆ.

ಚರ್ಮ ತಮಿಳುನಾಡಿನ ರಾಣಿಪೇಟೆ ಕಡೆಯದು. ಹದ ಮಾಡಿದ ಹಸುವಿನ ಚರ್ಮ, ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ಮೇಲೆ ಬಣ್ಣದ ಲೇಪ ಕೊಡಿಸಿದ್ದು. ಕಿಟ್ ಹೊದಿಕೆ ಕೊಳ್ಳದೆ ಇಲ್ಲೇ ಹೊಲಿಸಿದ್ದಕ್ಕೆ ಕಾರಣ ಇದೆ. ನಮ್ಮ ಹತ್ತಿರ ಮೊಳೆ ಸಾಲು, ಹೊಲಿಗೆ ಅಳತೆ, ಹಲಗೆ ಎಲ್ಲ ಇತ್ತು, ಅಳೆದು ಹೊಲಿಯುವ ಕೈಯೂ ಇತ್ತು. ಸ್ಪಂಜಿಗೆ ಲ್ಯಾಟೆಕ್ಸ್ ಫೋಮ್ ಹಾಕಿದೆವು. ನೆಲದ ಹಲಗೆಗೆ ನೀರಿಗೆ ತಡೆಯುವ ಮೆರೈನ್ ಪ್ಲೈವುಡ್, ಐ.ಎಸ್. 710 ಗುರುತಿನದು. ಎಂ.ಜಿ.ಎ ನೆಲ ಮರದ್ದೇ, ಮಲೆನಾಡಿನ ಮಳೆಗೆ ಮೊದಲು ಕೊಳೆಯುವುದೂ ಅದೇ.

ಸಣ್ಣ ಸಾಮಾನಿನಲ್ಲಿ ಒಂದು ಎಚ್ಚರಿಕೆ. ಸೀಟಿನ ಹಳಿಯ ಬೋಲ್ಟು 5/16 ಇಂಚಿನದು, ಅಂದರೆ 7.94 ಮಿಲಿಮೀಟರು, ಮರೆ (ಥ್ರೆಡ್) ಯು.ಎನ್.ಎಫ್., ಅಂದರೆ ಇಂಚಿನ ಲೆಕ್ಕದ ಒತ್ತಾದ ಸುತ್ತಿನದು. ಯಾರೋ ಹಿಂದೆ 8 ಮಿಲಿಮೀಟರ್ ಬೋಲ್ಟನ್ನು ಒತ್ತಿ ತಿರುಗಿಸಿದ್ದರು. ದಪ್ಪ ಸರಿಸುಮಾರು ಒಂದೇ ಆದ್ದರಿಂದ ಒಂದೆರಡು ಸುತ್ತು ಹೋಗುತ್ತದೆ. ಆದರೆ ಯು.ಎನ್.ಎಫ್.ನಲ್ಲಿ ಇಂಚಿಗೆ 24 ಸುತ್ತು, ಮೆಟ್ರಿಕ್‌ನಲ್ಲಿ ಸುಮಾರು 20. ಮರೆ ಪೂರ್ತಿ ಕೆಟ್ಟಿತ್ತು, ಹೊಸದಾಗಿ ಮಾಡಿಸಬೇಕಾಯಿತು. ಎರಡು ರೂಪಾಯಿ ಸಾಮಾನಿನ ಆತುರಕ್ಕೆ ಹಳೆ ಕಾರುಗಳು ಎಷ್ಟು ಕೆಟ್ಟಿವೆ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಅಂಟು ಹಾಕುವ ಕೆಲಸವನ್ನು ಮಳೆಗಾಲ ಮುಗಿಯುವವರೆಗೆ ನಿಲ್ಲಿಸಿದ್ದೇವೆ. ಆಲ್ದೂರಿನ ಜುಲೈ ಗಾಳಿಯಲ್ಲಿ ಹಚ್ಚಿದ ಅಂಟಿನ ಮೇಲೆ ತೇವ ಕೂತು ಹಿಡಿತ ಬಿಡುತ್ತದೆ, ಒಳಗೆ ಬೂಷ್ಟು ಸೇರಿಕೊಳ್ಳುತ್ತದೆ. ಹೊಲಿದ ಹೊದಿಕೆಗಳು ಪೇಟೆಯಲ್ಲಿ, ಒಣ ಜಾಗದಲ್ಲಿ ಇವೆ. ಬಾಡಿ ಪೇಂಟಿಗೆ ಹೋಗಿದೆ. 1974ರ ಕಂದು ಹೊದಿಕೆ, ಸನ್‌ಮೈಕ, ಕೆಂಪು ಪೇಂಟಿನ ಒಂದು ಚಕ್ಕೆ, ಲೆಕ್ಕದ ಪುಸ್ತಕದ ಆ ಪುಟದ ಜೆರಾಕ್ಸ್, ಹಸಿರು ಚೂರುಗಳ ಕವರುಗಳು, ಎಲ್ಲವನ್ನೂ ಒಂದು ಪೆಟ್ಟಿಗೆಗೆ ಹಾಕಿ ಯಜಮಾನರಿಗೆ ಕೊಟ್ಟಿದ್ದೇನೆ. ಹುಡ್‌ನ ಬಟ್ಟೆಯ ಒಂದು ಎಳೆಯೂ ಸಿಗಲಿಲ್ಲ, ಪಕ್ಕದ ಕಿಟಕಿಯ ತೆರೆಗಳೂ ಇಲ್ಲ. ಹಾಗಾಗಿ ಅವುಗಳನ್ನು ಸದ್ಯಕ್ಕೆ ಮಾಡಿಸುತ್ತಿಲ್ಲ. ತೋಟದ ಹಳೆ ಡ್ರೈವರ ಮನೆ ಅಟ್ಟದಲ್ಲಿ ಕಾರಿನ ಸಾಮಾನು ಏನೋ ಇದೆಯಂತೆ ಅಂತ ರೈಟರು ಹೇಳಿದ್ದಾರೆ. ಅದನ್ನು ನೋಡಿದ ಮೇಲೆ ಹುಡ್ ಮಾತು.